ಕಾಲುವೆಗೆ ಬಿಟ್ಟ ಗೊಂಬೆ

ಮಳೆ ತರಿಸುವವರು ನಾವು ಎಂದರೆ ಈಗಿನವರು ನಗುತ್ತಾರೆ. ನಗಲಿ. ಅಪ್ಪನ ಕಾಲದಲ್ಲಿ ಶಹಾಪುರ, ಸುರಪುರದ ಕಡೆ ಮೃಗಶಿರಾ ಕಳೆದರೂ ಹನಿ ಬೀಳದಿದ್ದರೆ ಊರವರು ಎತ್ತಿನ ಬಂಡಿ ಕಳಿಸಿ ನಮ್ಮನ್ನು ಕರೆಸುತ್ತಿದ್ದರು. ಅಪ್ಪ ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಇಟ್ಟು, ತೊಗಲಿನ ಗೊಂಬೆಗಳನ್ನು ಆಡಿಸುತ್ತಿದ್ದ. ಮಳೆ ಬಂದರೆ ನಮ್ಮ ಗೊಂಬೆಗಳ ಪುಣ್ಯ, ಬಾರದಿದ್ದರೆ ಊರವರ ಪಾಪ. ಹೀಗಾಗಿ ನಮಗೆ ಎಂದೂ ಸೋಲು ಅನ್ನುವುದಿರಲಿಲ್ಲ.

ಆಮೇಲೆ ಕಾಲುವೆ ಬಂತು. ಮೊದಲ ಸಲ ನೀರು ಬಿಟ್ಟ ದಿನ ಊರಿಗೆ ಊರೇ ದಂಡೆಯ ಮೇಲೆ ನಿಂತು ಕುಣಿಯಿತು. ಅಪ್ಪನೂ ಕುಣಿದ. ಮುಂದೆ ಎರಡು ಮಳೆಗಾಲ ಯಾವ ಊರಿನಿಂದಲೂ ಬಂಡಿ ಬರಲಿಲ್ಲ. ಅಪ್ಪ ತಾನೇ ಹುಣಸಗಿ ಕಡೆ ಹೋಗಿ ಪರಿಚಯದ ದೊಡ್ಡ ಒಕ್ಕಲೊಬ್ಬನನ್ನು ಕೇಳಿದ. ಅವನು ಭತ್ತದ ಗದ್ದೆಯ ಬದುವಿನ ಮೇಲೆ ನಿಂತು, "ಕೆನಾಲ ಬಂದದಲ್ಲಪ್ಪಾ, ಇನ್ನ ಗೊಂಬಿ ಯಾಕ ಬೇಕು? ಮಳಿ ಬಂದ್ರೇ ನಮಗ ತಕ್ಲೀಪು" ಅಂದನಂತೆ. ತಾನು ದಂಡೆಯ ಮೇಲೆ ಕುಣಿದದ್ದು ಯಾವುದಕ್ಕೆ ಅನ್ನುವುದು ಅಪ್ಪನಿಗೆ ಆಗ ತಿಳಿಯಿತು.

ನಾನು ಟಿ.ವಿ.ಗೆ ಹೋದದ್ದು ಈ ಕಾರಣಕ್ಕೆ. ಮಕ್ಕಳ ಕಾರ್ಯಕ್ರಮಕ್ಕೆ ಗೊಂಬೆಯಾಡಿಸುವವರು ಬೇಕಾಗಿದ್ದಾರೆಂದು ಯಾದಗಿರಿಯ ಒಬ್ಬ ಮಾಸ್ತರರು ಕೇಳಿ ತಿಳಿದು, ಕಾಗದ ಬರೆದು, ನನ್ನನ್ನು ಬೆಂಗಳೂರಿನ ರೈಲು ಹತ್ತಿಸಿದರು. ಅಪ್ಪನ ಎಲ್ಲಕ್ಕಿಂತ ದೊಡ್ಡ ಗೊಂಬೆಯನ್ನು ಚಾಪೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಸ್ಟುಡಿಯೋದಲ್ಲಿ ದೀಪ ಹಾಕಿ ಕಾಲು ಗಂಟೆಯಾಗಿರಲಿಲ್ಲ, ಆ ಕಾವಿಗೆ ತೊಗಲು ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು. ನಮ್ಮ ಮುತ್ತಜ್ಜ ಕೆತ್ತಿದ ಗೊಂಬೆ ಅದು. ನಿರ್ಮಾಪಕರು ಮಾತ್ರ ಗಡಿಯಾರ ನೋಡಿಕೊಂಡು, "ಇದು ಆಗಲ್ಲ ಬಿಡಿ. ನೀವು ಸ್ಪಂಜಿನ ಗೊಂಬೆ ಆಡಿಸೋದು ಕಲಿತುಕೊಳ್ಳಿ. ಮಾತು ಬೇರೆಯವರು ಆಡ್ತಾರೆ, ನಿಮ್ಮ ಭಾಷೆ ಮಕ್ಕಳಿಗೆ ಅರ್ಥ ಆಗಲ್ಲ" ಎಂದರು. ಹಾಡು, ಮಾತು, ಬೈಗುಳ, ನಗೆ ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದ ಮನೆತನದವನು ನಾನು. ಅವತ್ತಿನಿಂದ ಬರೀ ಒಂದು ಕೈಯಾದೆ.

ಒಂಬತ್ತು ವರ್ಷ ಒಂದು ಮೊಲದ ಕೈಯಾಗಿದ್ದೆ. ಮೇಜಿನ ಕೆಳಗೆ ಅಂಗಾತ ಮಲಗಿ, ಕೈ ಮೇಲೆತ್ತಿ, ಕಾಲ ಬಳಿ ಇಟ್ಟ ಪುಟ್ಟ ಟಿ.ವಿ.ಯಲ್ಲಿ ಮೊಲವನ್ನು ನೋಡುತ್ತ ಆಡಿಸಬೇಕು. ನಾನು ಬಲಕ್ಕೆ ಎಳೆದರೆ ಪರದೆಯ ಮೇಲೆ ಅದು ಎಡಕ್ಕೆ ಹೋಗುತ್ತಿತ್ತು. ಊರಿನಲ್ಲಿ ಪಂಚಾಯಿತಿ ಟಿ.ವಿ.ಯ ಮುಂದೆ ಅಪ್ಪನನ್ನು ಕೂರಿಸಿ ತೋರಿಸಿದರೆ, "ನೀ ಎಲ್ಲಿ ಅದಿಯೋ?" ಅಂದ. ಮೊಲದ ಒಳಗೆ ಅಂದೆ. ಪಾಪ, ಕಾರ್ಯಕ್ರಮ ಮುಗಿಯುವತನಕ ಮೊಲದ ಹೊಟ್ಟೆಯನ್ನೇ ದಿಟ್ಟಿಸಿ ನೋಡಿದ.

ಸಿನಿಮಾದವರು ಕರೆಯುತ್ತಿದ್ದುದು ಇನ್ನೂ ವಿಚಿತ್ರ ಕೆಲಸಗಳಿಗೆ. ಜೀವ ಇರುವವರಿಂದ ಮಾಡಿಸಬಾರದ್ದನ್ನೆಲ್ಲ ನನ್ನ ಗೊಂಬೆಗಳಿಂದ ಮಾಡಿಸುತ್ತಿದ್ದರು. ಸಾಯುವ ಎತ್ತು ನನ್ನದು, ಹೆಡೆ ಎತ್ತುವ ಹಾವು ನನ್ನದು. ಆಗತಾನೇ ಹುಟ್ಟಿದ ಕೂಸಂತೂ ಖಾಯಂ ನನ್ನದೇ. ನಾನು ಮಾಡಿದ ಒಂದೇ ಕೂಸನ್ನು ಎದೆಗವುಚಿಕೊಂಡು ಎಷ್ಟು ಮಂದಿ ನಾಯಕಿಯರು ಅತ್ತರೋ! ಪತ್ರಿಕೆಯವರು ಯಾರಾದರೂ ಮಾತಾಡಿಸಿದರೆ ನಾನು ಎದೆ ಉಬ್ಬಿಸಿ ಒಂದು ಮಾತು ಹೇಳುತ್ತಿದ್ದೆ: "ಅದು ಗೊಂಬೆ ಅನ್ನುವುದನ್ನು ಜನ ಮರೆಯಬೇಕು, ಅಷ್ಟಾದರೆ ನಾನು ಗೆದ್ದ ಹಾಗೆ." ಈ ಮಾತು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹೀಗಿರುವಾಗ ನಮ್ಮ ಕಡೆಯೇ ಒಂದು ಸಿನಿಮಾ ತೆಗೆಯಲು ಬಂದರು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಕಾಲುವೆಯಲ್ಲಿ ತೇಲಿಹೋಗುವ ಒಂದು ದೃಶ್ಯ ಅದರಲ್ಲಿತ್ತು. ಪಾತ್ರ ಮಾಡುವ ಮಗು ಬೆಂಗಳೂರಿನದು. ಅಚ್ಚು ತೆಗೆಯಲು ಅವಳ ಮುಖಕ್ಕೆ ಪಿ.ಓ.ಪಿ. ಅನ್ನುವ ಬಿಳಿ ಗಾರೆ ಮೆತ್ತಬೇಕು ಅಂದ ಕೂಡಲೇ ಅವಳ ತಾಯಿ ಹೌಹಾರಿದರು. "ದೂರದಿಂದ ತೆಗೀತೀವಿ, ಆ ವಯಸ್ಸಿನ ಯಾವ ಮಗುವಿನ ಮುಖ ಆದ್ರೂ ನಡೆಯುತ್ತೆ" ಅಂದರು ನಿರ್ದೇಶಕರು. ನನಗೆ ನೆನಪಾದವಳು ಅಕ್ಕನ ಮಗಳು.

ಅಕ್ಕನನ್ನು ಕೊಟ್ಟದ್ದು ಸಗರಕ್ಕೆ. ಭಾವ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಮದುವೆಯಾಗಿ ಬಹಳ ವರ್ಷಕ್ಕೆ, ಹತ್ತು ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಆಗ ಅವಳಿಗೆ ಎಂಟು ವರ್ಷ, ಮೂರನೆಯ ತರಗತಿ. ನಾನು ವಿಷಯ ಎತ್ತಿದಾಗ ಅಕ್ಕ ಮೊರದಲ್ಲಿ ಜೋಳ ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

"ಉಸಿರಾಡೋ ಕೂಸಿನ ಮಾರಿಗೆ ಮಣ್ಣ ಮೆತ್ತತಾರೇನೋ? ಅಕಲ್ ಅದ ಇಲ್ಲ ನಿನಗ?"

"ಮಣ್ಣಲ್ಲಕ್ಕಾ, ಪಿ.ಓ.ಪಿ. ಕಾಲು ತಾಸಿನ ಕೆಲಸ."

"ಮುಣಗೋ ಗೊಂಬಿಗೆ ನನ್ನ ಮಗಳ ಮಾರೀನೇ ಬೇಕೇನು?"

ಆದರೆ ಮಗಳು ಆಗಲೇ ಕುಣಿಯತೊಡಗಿದ್ದಳು. ಸಿನಿಮಾದಲ್ಲಿ ತನ್ನ ಮುಖ ಬರುತ್ತದೆ ಅಂದರೆ ಸುಮ್ಮನಿರುತ್ತಾಳೆಯೇ? ಎರಡು ದಿನ ಅನ್ನ ಬಿಟ್ಟು ಹಟ ಮಾಡಿದಳು. ಕೊನೆಗೆ ಅಕ್ಕ ಒಂದೇ ಒಂದು ಷರತ್ತು ಹಾಕಿ ಒಪ್ಪಿದಳು. ಕೆಲಸ ಮುಗಿದ ಮೇಲೆ ಆ ಗೊಂಬೆ ಯಾವುದೋ ಗೋದಾಮಿನ ಮೂಲೆಯಲ್ಲಿ ಬಿದ್ದಿರಬಾರದು, ನಮ್ಮ ಮನೆಯ ಪದ್ಧತಿಯಂತೆ ಹೊಳೆಗೆ ಬಿಡಬೇಕು.

ಪದ್ಧತಿ ಅಂದರೆ ಇದು. ಆಡಿಸಿ ಮುಗಿದ ಗೊಂಬೆಯನ್ನು ನಾವು ಎಸೆಯುವಂತಿಲ್ಲ, ಸುಡುವಂತಿಲ್ಲ. ಅರಿಷಿಣ ಕುಂಕುಮ ಹಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಂದು ಕಲ್ಲು ಕಟ್ಟಿ ಕೃಷ್ಣೆಯ ಮಡುವಿಗೆ ಬಿಡಬೇಕು. ಬಿಡುವಾಗ ಯಾರಿಗಾದರೂ ಹೇಳುವ ಹಾಗೆ ಹೋಗಿ ಬಾ ಅನ್ನಬಾರದು. ಬರೀ ಹೋಗು ಅನ್ನಬೇಕು. ಇಷ್ಟನ್ನೂ ಮಾಡುತ್ತೇನೆಂದು ಅಕ್ಕನ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಮೂಗಿಗೆ ಎರಡು ಕೊಳವೆ ಇಟ್ಟು, ಮುಖಕ್ಕೆ ಪಿ.ಓ.ಪಿ. ಮೆತ್ತಿದಾಗ ಹುಡುಗಿ ಕಲ್ಲಿನ ಹಾಗೆ ಅಲುಗಾಡದೆ ಮಲಗಿದಳು. ಅಕ್ಕ ಅವಳ ಅಂಗೈ ಹಿಡಿದುಕೊಂಡೇ ಕೂತಿದ್ದಳು. ಆ ಗೊಂಬೆ ನನ್ನ ಕೆಲಸದಲ್ಲೆಲ್ಲ ಅತ್ಯುತ್ತಮವಾದದ್ದು, ಈಗಲೂ ಹೇಳುತ್ತೇನೆ. ಹುಬ್ಬಿನ ಮೇಲಿನ ಗಾಯದ ಕಲೆ, ತುಸು ಮುಂದೆ ಬಂದ ಮೇಲ್ದುಟಿ, ಎಲ್ಲವೂ ಇದ್ದವು. ಮುಖ ಮೇಲಾಗಿಯೇ ತೇಲಬೇಕೆಂದು ನಿರ್ದೇಶಕರು ಹೇಳಿದ್ದರಿಂದ ಎದೆಯೊಳಗೆ ಥರ್ಮೋಕೋಲ್ ತುಂಬಿದೆ. ಸ್ಪಂಜಿನ ಮೈಗೆ ಶಾಲೆಯ ನೀಲಿ ಬಿಳಿ ಸಮವಸ್ತ್ರ ಹಾಕಿದೆ. ಶೂಟಿಂಗ್ ದಿನ ಒಂದೇ ಸಲಕ್ಕೆ ದೃಶ್ಯ ಸರಿಯಾಗಿ ಬಂತು. ದಂಡೆಯ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಮರುದಿನ ಸಂಜೆ ಯಾದಗಿರಿಯಿಂದ ನನಗೆ ಇನ್ನೊಂದು ಸಿನಿಮಾದ ಕೆಲಸಕ್ಕೆ ರೈಲು ಹಿಡಿಯಬೇಕಿತ್ತು. ಕೃಷ್ಣೆಗೆ ಹೋಗಿ ಬರಲು ಅರ್ಧ ದಿನ ಬೇಕು. ಸಗರಕ್ಕೆ ಮೂರು ಮೈಲಿ ಈಚೆಗೇ ಕಾಲುವೆಯ ಸೇತುವೆ ಇದೆ. ಕಾಲುವೆಯ ನೀರೂ ಕೃಷ್ಣೆಯದೇ ಅಲ್ಲವೇ, ಅಂದುಕೊಂಡೆ. ಸೋಮಾರಿಗೆ ವೇದಾಂತ ಬೇಗ ಹೊಳೆಯುತ್ತದೆ. ಗೊಂಬೆಗೆ ತನ್ನ ಮುಖ ಕೊಟ್ಟವಳೇ ಅದನ್ನು ಕಳಿಸಿಕೊಡಲಿ ಎಂದು ಶಾಲೆಗೆ ಹೋಗಿ ಹುಡುಗಿಯನ್ನು ಕರೆದೆ. ಸೋದರಮಾವ ಬಂದು ಕರೆದರೆ ಮಾಸ್ತರರು ಬೇಡ ಅನ್ನುತ್ತಾರೆಯೇ? ಅಕ್ಕ ನಾಟಿ ಮಾಡಲು ಹೋಗಿದ್ದಳು. ಅವಳಿಗೆ ಹೇಳಲಿಲ್ಲ. ಹೇಳಿದರೆ ಹೊಳೆಗೇ ಹೋಗು ಅನ್ನುತ್ತಾಳೆಂದು ಬೇಕೆಂದೇ ಹೇಳಲಿಲ್ಲ.

ಸೇತುವೆಯ ಪಕ್ಕ ಕೂತು ಹುಡುಗಿ ತನ್ನದೇ ಹಣೆಗೆ ಕುಂಕುಮ ಹಚ್ಚಿದ ಹಾಗೆ ಗೊಂಬೆಯ ಹಣೆಗೆ ಹಚ್ಚಿದಳು. ಬಟ್ಟೆಯಲ್ಲಿ ಸುತ್ತಿದೆವು. ತೊಗಲಿನ ಗೊಂಬೆಗೆ ಎಷ್ಟು ದೊಡ್ಡ ಕಲ್ಲು ಕಟ್ಟುತ್ತೇವೋ ಅಷ್ಟೇ ದೊಡ್ಡದನ್ನು ಕಟ್ಟಿದೆ. ಕೈ ಅಭ್ಯಾಸ ಅದು. ನೀರಿಗೆ ಬಿಟ್ಟಾಗ ಹುಡುಗಿ ಕೈ ಬೀಸಿ "ಹೋಗಿ ಬಾ" ಅಂದಳು. ಹಾಗನ್ನಬಾರದು ಎಂದು ತಿದ್ದುವಷ್ಟೂ ವ್ಯವಧಾನ ನನಗಿರಲಿಲ್ಲ. ಗಂಟು ಒಮ್ಮೆ ಮುಳುಗಿದ್ದನ್ನು ನೋಡಿ ಬೆನ್ನು ತಿರುಗಿಸಿದೆ.

ರೈಲಿಗೆ ಇನ್ನೂ ಹೊತ್ತಿತ್ತು. ಹುಡುಗಿಯನ್ನು ಶಹಾಪುರಕ್ಕೆ ಕರೆದುಕೊಂಡು ಹೋಗಿ ಕೆಂಪು ಫ್ರಾಕು ಕೊಡಿಸಿದೆ. ಅಲ್ಲೇ ಹಾಕಿಕೊಂಡಳು. ಸುಸಲಾ, ಮಿರ್ಚಿ ತಿಂದೆವು. ಮೂರು ಗಂಟೆಯ ಹೊತ್ತಿಗೆ ಅವಳನ್ನು ಮನೆಗೆ ಬಿಡಲು ಟಂಟಂ ರಿಕ್ಷಾ ಹತ್ತಿದೆವು. ಸಗರದ ಹತ್ತಿರ ಬಂದಾಗ ಕಾಲುವೆಯ ಗೇಟಿನ ಬಳಿ ಜನ ಜಾತ್ರೆಯ ಹಾಗೆ ಸೇರಿದ್ದರು. ಟಂಟಂನವನು ತಲೆ ಹೊರಗೆ ಹಾಕಿ ಯಾರನ್ನೋ ಕೇಳಿ, "ಯಾವ್ದೋ ಕೂಸು ಕೆನಾಲದಾಗ ತೇಲಿ ಬಂದದಂತರಿ" ಅಂದ. ಅಯ್ಯೋ ಪಾಪ, ಯಾರ ಮಗುವೋ, ಎಂದು ಲೊಚಗುಟ್ಟಿದೆ. ನಿಜವಾಗಿಯೂ ಹಾಗೇ ಅಂದೆ. ನನ್ನ ತೊಡೆಯ ಮೇಲೆ ಕೂತವಳು ಇಣುಕಿ ನೋಡುತ್ತಿದ್ದಳು.

ಅಷ್ಟರಲ್ಲಿ ಅಕ್ಕನ ಪಕ್ಕದ ಮನೆಯ ಮುದುಕಿ ಟಂಟಂ ಒಳಗೆ ನೋಡಿದಳು. ಹುಡುಗಿಯ ಮುಖ ಕಂಡದ್ದೇ ತಡ, ದೆವ್ವ ಕಂಡವಳಂತೆ ಚೀರಿ ಹಿಂದಕ್ಕೆ ಸರಿದು ಕೆಳಗೆ ಬಿದ್ದಳು. ಆಗ ನನಗೆ ತಿಳಿಯಿತು. ಟಂಟಂನ ಕಂಬಿ ಹಿಡಿದು ಇಳಿದೆ.

ಆದದ್ದನ್ನು ಆಮೇಲೆ ಒಬ್ಬೊಬ್ಬರು ಹೇಳಿದರು. ನನ್ನ ಕಲ್ಲು ಸಾಲಲಿಲ್ಲ. ಬಟ್ಟೆ ಬಿಚ್ಚಿ ಹೋಗಿ, ಥರ್ಮೋಕೋಲ್ ತುಂಬಿದ ಗೊಂಬೆ ನಾನು ಮಾಡಿದ್ದ ಹಾಗೆಯೇ ಮುಖ ಮೇಲೆ ಮಾಡಿ ತೇಲುತ್ತ ಸಗರದತ್ತ ಬಂದಿತ್ತು. ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಗುರುತು ಹಿಡಿದು, ಹೊಲಕ್ಕೆ ಓಡಿಹೋಗಿ ಅಕ್ಕನಿಗೆ ಹೇಳಿದ್ದರು. ಯಾರೋ ಶಾಲೆಗೆ ಓಡಿದರೆ ಹುಡುಗಿ ಅಲ್ಲಿರಲಿಲ್ಲ. ನಾನು ಕರೆದೊಯ್ದದ್ದು ಗೊತ್ತಿದ್ದ ಮಾಸ್ತರರು ಊಟಕ್ಕೆ ಮನೆಗೆ ಹೋಗಿದ್ದರು. ಅಕ್ಕ ನಾಟಿಯ ಕೆಸರಿನಲ್ಲೇ ಓಡಿ ಬಂದು, ಈಜು ಬಾರದಿದ್ದರೂ ಕಾಲುವೆಗೆ ಹಾರಿದ್ದಳು. ಗೇಟು ಕಾಯುವ ಲಸ್ಕರ ಹಗ್ಗ ಎಸೆದು, ಅವಳು ಹಿಡಿಯದಿದ್ದಾಗ ತಾನೇ ಇಳಿದು, ತಲೆಗೂದಲು ಹಿಡಿದು ಎಳೆದು ತಂದಿದ್ದ. ಇನ್ನು ನಾಲ್ಕು ಮಾರು ಹೋಗಿದ್ದರೆ ಗೇಟಿನ ಕೆಳಗೆ ಸೆಳೆದುಕೊಂಡುಬಿಡುತ್ತಿತ್ತಂತೆ.

ಅಕ್ಕ ದಂಡೆಯ ಮೇಲೆ ಕೂತಿದ್ದಳು. ತಲೆಯಿಂದ ನೀರು ಸುರಿಯುತ್ತಿತ್ತು, ಮೊಣಕೈ ತರಚಿ ರಕ್ತ ಬಂದಿತ್ತು. ಗೊಂಬೆ ಅವಳ ತೊಡೆಯ ಮೇಲಿತ್ತು. ಹತ್ತಿರ ನಿಂತವರಿಗೆ ಅದು ಗೊಂಬೆಯೆಂದು ಆಗಲೇ ಗೊತ್ತಾಗಿತ್ತು, ದೂರದವರು ಇನ್ನೂ ಬಾಯಿ ಬಡಿದುಕೊಂಡು ಅಳುತ್ತಿದ್ದರು. ಆ ಗಳಿಗೆಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಎಲ್ಲಿಗೆ ಗೊತ್ತೇ? ಗೊಂಬೆಯ ತುಟಿಗೆ. ಇಷ್ಟು ಹೊತ್ತು ನೀರಿನಲ್ಲಿದ್ದರೂ ಬಣ್ಣ ಬಿಟ್ಟಿಲ್ಲವಲ್ಲ ಅಂದುಕೊಂಡೆ. ಅಂದುಕೊಂಡವನು ನಾನೇ. ಇದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿಲ್ಲ.

ಹುಡುಗಿ "ಅವ್ವಾ" ಅನ್ನುತ್ತ ಓಡಿದಳು. ಅಕ್ಕ ಅವಳನ್ನು ಅಪ್ಪಿಕೊಳ್ಳಲಿಲ್ಲ. ಕೆಂಪು ಫ್ರಾಕನ್ನೂ ಮುಖವನ್ನೂ ಮಿಕಮಿಕ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಮಗಳ ಕೆನ್ನೆಯನ್ನು ಒತ್ತಿದಳು, ಇನ್ನೂ ಜೋರಾಗಿ ಒತ್ತಿದಳು, ಉಗುರು ಮೂಡುವ ಹಾಗೆ ಒತ್ತಿದಳು. "ನೋಯ್ತದ ಬೇ ಅವ್ವಾ" ಎಂದು ಹುಡುಗಿ ಅಳತೊಡಗಿದ ಮೇಲೆ ಕೈ ತೆಗೆದಳು.

ಆಮೇಲೆ ನನ್ನ ಕಡೆ ನೋಡಿ, "ಹೊಳಿಗೆ ಬಿಡ್ತೀನಿ ಅಂದಿದ್ದೆಲ್ಲ" ಅಂದಳು. ಬೈಯಲಿಲ್ಲ, ಶಾಪ ಹಾಕಲಿಲ್ಲ.

ಸುದ್ದಿ ಮುಟ್ಟಿ ಅಪ್ಪ ಮರುದಿನ ಬಂದ. ನಾನು ತಲೆ ತಗ್ಗಿಸಿ ಕೂತಿದ್ದೆ. "ಹೊಳಿ ಒಯ್ತದ, ಕೆನಾಲ ತಂದು ಮುಟ್ಟಸ್ತದ" ಅಂದ. "ಮಂದಿ ಹೊಲಕ್ಕ ಮುಟ್ಟಸಾಕಂತನೇ ಅದನ್ನ ಕಟ್ಯಾರ. ಇಷ್ಟೂ ತಿಳೀಲಿಲ್ಲೇನು ನಿನಗ?" ಗೊಂಬೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅವನೊಬ್ಬನೇ ಬಸ್ಸಿನಲ್ಲಿ ಕೃಷ್ಣೆಗೆ ಹೋದ. ಕಂಬಳಿಯಿಂದ ಹೊರಗೆ ಕಾಣುತ್ತಿದ್ದ ಕಾಲು ನೋಡಿ ಕಂಡಕ್ಟರ್ ಅರ್ಧ ಟಿಕೆಟ್ ಕೇಳಿದನಂತೆ. ಅಪ್ಪ ಎರಡು ಮಾತಾಡದೆ ಕೊಟ್ಟನಂತೆ.

ನಾನು ಶಹಾಪುರಕ್ಕೆ ಹೋಗಿ ಎಸ್.ಟಿ.ಡಿ. ಬೂತಿನಿಂದ ನಿರ್ದೇಶಕರಿಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿ ಹಗುರಾಗಬೇಕು ಅನ್ನುವುದಷ್ಟೇ ನನಗಿತ್ತು. ಅವರು, "ಹೆತ್ತ ತಾಯಿನೇ ನಂಬಿಬಿಟ್ರಾ? ಅದ್ಭುತ! ಇದನ್ನ ಪೇಪರಿನವರಿಗೆ ಹೇಳೋಣ, ಸಿನಿಮಾಕ್ಕೆ ಒಳ್ಳೆ ಪ್ರಚಾರ ಆಗುತ್ತೆ" ಎಂದರು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಫೋನು ಇಟ್ಟುಬಿಟ್ಟೆ. ಅವರಿಗೆ ಬೈಯಲು ನಾಲಿಗೆ ತುದಿಗೆ ಬಂದದ್ದೆಲ್ಲ ನನಗೂ ಸಲ್ಲುವಂಥದ್ದೇ ಆಗಿತ್ತು. ಗೊಂಬೆಯ ತುಟಿಯ ಬಣ್ಣ ನೋಡಿದವನು ನಾನೇ ತಾನೇ?

ಕೆಲಸ ಬಿಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಬೇರೆ ಕೆಲಸ ನನಗೆ ಬರುವುದಿಲ್ಲ. ಹಾವು, ಎತ್ತು, ಗಿಳಿ ಮಾಡಿದೆ. ಮನುಷ್ಯರ ಮುಖದ ಅಚ್ಚು ಮಾತ್ರ ಮತ್ತೆ ತೆಗೆಯಲಿಲ್ಲ. ಕೇಳಿದವರಿಗೆ ಪಿ.ಓ.ಪಿ. ಕಂಡರೆ ಮೈ ತುರಿಸುತ್ತದೆ ಅನ್ನುತ್ತಿದ್ದೆ.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ಆ ವರ್ಷ ಅಕ್ಕನನ್ನು ಕರೆಯಲು ಹೋದರೆ ಒಳಕೋಣೆಯಿಂದ ಹೊರಗೇ ಬರಲಿಲ್ಲ. ಭಾವ ನೀರು ಕೊಟ್ಟು ಕಳಿಸಿದ. ಮರುವರ್ಷವೂ ಹಾಗೇ ಆಯಿತು. ಸಿನಿಮಾ ಬಿಡುಗಡೆಯಾಗಿ ಶಹಾಪುರಕ್ಕೂ ಬಂದು ಹೋಯಿತು. ಊರೆಲ್ಲ ನೋಡಿತು, ಅಕ್ಕ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅವಳು ನನ್ನನ್ನು ತಮ್ಮಾ ಎಂದು ಕರೆಯದೆ ಎರಡು ವರ್ಷ ದಾಟಿತ್ತು. ಇನ್ನು ಸಾಯುವತನಕ ಹೀಗೇ ಏನೋ ಎಂದು ಹೆದರಿದ್ದೆ.

ಮೂರನೆಯ ವರ್ಷ ಪಂಚಮಿಗೆ ಒಂದು ವಾರ ಮುಂಚೆಯೇ ಹೋಗಿ, ಕೇಳದೆ ಕರೆಯದೆ ಸೀದಾ ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎರಡು ರೊಟ್ಟಿ ಬೆಂದವು. ಕೊನೆಗೆ ನಾನೇ ಅಂದೆ:

"ಅಕ್ಕಾ, ಸಿಟ್ಟಿದ್ರ ಬೈದು ಬಿಡು, ಬೇಕಾದ್ರ ಹೊಡಿ. ಗೊಂಬಿ ಅನ್ನೋದು ನಿನಗ ತಿಳೀದಂಗ ಮಾಡಿದ್ದು ನಂದೇ ತಪ್ಪು."

ಅವಳ ಕೈ ನಿಂತಿತು.

"ನನಗ ತಿಳೀಲಿಲ್ಲಂತ ಯಾರಂದ್ರೋ ತಮ್ಮಾ?"

ತಮ್ಮಾ ಅಂದಳಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ಅವಳು ಆಡಿದ ಮಾತು ತಲೆಯೊಳಗೆ ಇಳಿಯಿತು.

"ಕೈಗೆ ಸಿಕ್ಕ ಕೂಡ್ಲೇ ತಿಳೀತು. ಒದ್ದಿ ಗಾದಿ ಹಿಚುಕಿದಂಗ ಇತ್ತು. ಲಸ್ಕರ ಮ್ಯಾಲಿಂದ ಒದರಾಕತ್ತಿದ್ದ, ಬಿಡಬೇ ತಂಗೀ, ಗೊಂಬಿ ಅದ ಅದು, ಹಗ್ಗ ಹಿಡಿ ಅಂತ. ಎರಡ ಸಲ ಹಗ್ಗ ಕೈಗೆ ಬಂದಿತ್ತು. ಎರಡೂ ಕೈಲೆ ಹಿಡಿಬೇಕಿತ್ತು."

"ಗೊಂಬಿ ಅಂತ ಗೊತ್ತಿದ್ದೂ ಯಾಕ ಬಿಡಲಿಲ್ಲಕ್ಕಾ? ಸತ್ತು ಹೋಗ್ತಿದ್ದೆಲ್ಲ!"

ಅಕ್ಕ ನನ್ನ ಕಡೆ ತಿರುಗಿದಳು. ಇಷ್ಟು ದೊಡ್ಡವನಾಗಿ ಇದೇನು ಕೇಳುತ್ತಾನೆ ಅನ್ನುವ ಹಾಗೆ ನೋಡಿದಳು.

"ಮಾರಿ ಅಕಿದೇ ಇತ್ತಲ್ಲೋ," ಅಂದಳು. "ಅಕಿ ಮಾರಿ ನೀರಾಗ ಹೆಂಗ ಬಿಡಲಿ?"